ಕಣಜಕ್ಕೆ ಒಗ್ಗದ ಬೆಳೆ

(ಆಹಾರ ಬೆಳೆಗಳ ಬಗ್ಗೆ ಮಾಡಿದ ಉಪನ್ಯಾಸವೊಂದನ್ನು ಬರಹಕ್ಕೆ ಇಳಿಸಿದ್ದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಬಟ್ಟಲಲ್ಲಿ ಒಂದು ಹಿಡಿ ಗೋಧಿ, ಪಕ್ಕದಲ್ಲಿ ಒಂದು ಆಲೂಗಡ್ಡೆ. ಇವೆರಡನ್ನೂ ಇಲ್ಲೇ ಬಿಟ್ಟು, ಬಾಗಿಲು ಹಾಕಿಕೊಂಡು ಹೋಗಿ, ಎರಡು ವರ್ಷದ ಮೇಲೆ ಬಂದೆವು ಅಂದುಕೊಳ್ಳಿ. ಇಲಿ, ಹುಳ ಮುಟ್ಟದಿದ್ದರೆ ಗೋಧಿ ಹೀಗೇ ಇರುತ್ತದೆ. ಬೀಸಿದರೆ ಹಿಟ್ಟು, ಬಿತ್ತಿದರೆ ಪೈರು. ಆಲೂಗಡ್ಡೆಯ ಗತಿ ಬೇರೆ. ಕೆಲವೇ ತಿಂಗಳಲ್ಲಿ ಮೊಳಕೆ ಒಡೆದು, ಬೆಳಕು ಹುಡುಕಿಕೊಂಡು ಬಿಳಿಚಿದ ಕುಡಿ ಚಾಚಿ, ಒಳಗಿದ್ದ ಸತ್ವವನ್ನೆಲ್ಲ ಆ ಕುಡಿಗೇ ಉಣಿಸಿ, ಸುಕ್ಕುಗಟ್ಟಿ ಕೊಳೆತು, ಮೇಜಿನ ಮೇಲೊಂದು ಕಲೆಯಾಗಿ ಉಳಿದಿರುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ವ್ಯತ್ಯಾಸದ ಒಳಗೇ ಇದೆ. ಆಲೂಗಡ್ಡೆ ಜಗತ್ತಿನ ಹೊಟ್ಟೆ ತುಂಬಿಸಿದ್ದಕ್ಕೂ ಒಂದು ನಾಡನ್ನೇ ಬರಿದು ಮಾಡಿದ್ದಕ್ಕೂ ಬೇರೆ ಬೇರೆ ಕಾರಣ ಹುಡುಕಬೇಕಿಲ್ಲ. ಧಾನ್ಯ ಅಂದರೆ ಒಣಗಿ, ಉಸಿರು ಬಿಗಿಹಿಡಿದು ಕೂತ ಬೀಜ. ಆಲೂಗಡ್ಡೆ ಅಂದರೆ ನೀರು ತುಂಬಿಕೊಂಡು ಮಲಗಿರುವ ಜೀವ.

ಮೊದಲು ಈ ಗಡ್ಡೆಯನ್ನೇ ಒಂದು ಸಲ ನೋಡೋಣ. ನೆಲದೊಳಗೆ ಬೆಳೆಯುತ್ತದೆ ಎಂಬ ಕಾರಣಕ್ಕೆ ಇದನ್ನು ಬೇರು ಅನ್ನುವವರಿದ್ದಾರೆ. ಇದು ಬೇರಲ್ಲ, ಕಾಂಡ. ಗಿಡದ ಬುಡದಿಂದ ಮಣ್ಣಿನೊಳಗೆ ಅಡ್ಡಡ್ಡ ಹರಿಯುವ ಎಳೆಕಾಂಡಗಳ ತುದಿ ಊದಿಕೊಂಡಾಗ ಗಡ್ಡೆ ಆಗುತ್ತದೆ. ಇದರ ಮೈಮೇಲಿನ ಗುಳಿಗಳನ್ನು ಕಣ್ಣು ಅನ್ನುತ್ತೇವಲ್ಲ, ಅವು ಕಬ್ಬಿನ ಗೆಣ್ಣಿದ್ದ ಹಾಗೆ, ಒಂದೊಂದರಲ್ಲೂ ಮೊಗ್ಗು ಅಡಗಿದೆ. ಹತ್ತಿರ ಹಿಡಿದು ನೋಡಿದರೆ ಕಣ್ಣಿನ ಮೇಲೊಂದು ಹುಬ್ಬೂ ಕಾಣುತ್ತದೆ; ಅದು ಎಲೆ ಇರಬೇಕಾಗಿದ್ದ ಜಾಗ. ಬಿಸಿಲಿಗಿಟ್ಟರೆ ಹಸಿರಾಗುವುದೂ ಕಾಂಡದ ಬುದ್ಧಿಯೇ. ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಂಬತ್ತು ಪಾಲು ನೀರು. ಈಗ ನಾವು ಮಾತಾಡುತ್ತಿರುವಾಗಲೂ ಇದು ಉಸಿರಾಡುತ್ತಿದೆ. ಅಲಂಕಾರಕ್ಕೆ ಹೇಳುತ್ತಿಲ್ಲ, ಗೋದಾಮಿನಲ್ಲಿ ಆಲೂಗಡ್ಡೆ ರಾಶಿ ಹಾಕಿದರೆ ಅದರ ಉಸಿರಾಟದ ಬಿಸಿಗೇ ಗಾಳಿಯ ದಾರಿ ಮಾಡಿಕೊಡಬೇಕಾಗುತ್ತದೆ.

ಇಂಥ ನೀರುಮುದ್ದೆ ಮನುಷ್ಯರ ಊಟದಲ್ಲಿ ಅಕ್ಕಿ, ಗೋಧಿ ಆದಮೇಲೆ ಮೂರನೆಯ ಸ್ಥಾನದಲ್ಲಿದೆ. ಜೋಳ ಅಂದರೆ ಮೆಕ್ಕೆಜೋಳ ಇದಕ್ಕಿಂತ ಹೆಚ್ಚು ಬೆಳೆಯುತ್ತದೆ ನಿಜ, ಆದರೆ ಅದರಲ್ಲಿ ಬಹುಪಾಲು ದನ, ಕೋಳಿ, ಕಾರ್ಖಾನೆಗಳ ಪಾಲು. ಆಲೂಗಡ್ಡೆಯ ಜಾಗತಿಕ ಉತ್ಪಾದನೆ ಈಚಿನ ವರ್ಷಗಳಲ್ಲಿ ಸುಮಾರು 37 ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಮೊದಲ ಸ್ಥಾನ ಚೀನಾದ್ದು, ಎರಡನೆಯದು ಭಾರತದ್ದು. ಇವೆರಡೇ ಸೇರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಯುರೋಪಿನ ಬೆಳೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಕಾಲ ಮುಗಿದು ಬಹಳ ದಿನವಾಯಿತು.

ಇಳುವರಿಯ ಮಾತು ಬಂದಾಗ ಒಂದು ಮೋಸ ನಡೆಯುತ್ತದೆ, ಎಚ್ಚರವಿರಲಿ. ಹೆಕ್ಟೇರಿಗೆ ಜಗತ್ತಿನ ಸರಾಸರಿ ಆಲೂಗಡ್ಡೆ ಸುಮಾರು 20 ಟನ್, ಗೋಧಿ ಮೂರೂವರೆ ಟನ್. ನೋಡಿದ್ರಾ, ಆರು ಪಟ್ಟು ಅಂತ ಭಾಷಣಕಾರರು ಹೇಳಿಬಿಡುತ್ತಾರೆ. ನೀರು ತೆಗೆದು ತೂಗಿದರೆ ಆಲೂಗಡ್ಡೆ ನಾಲ್ಕು ಟನ್ನಿಗೆ ಇಳಿಯುತ್ತದೆ. ಆದರೂ ಅದು ಗೋಧಿಗಿಂತ ಮುಂದೆಯೇ ಇದೆ, ಅದೂ ಮೂರು ನಾಲ್ಕು ತಿಂಗಳಲ್ಲಿ. ಇದು ಹೇಗೆ ಸಾಧ್ಯ? ಗೋಧಿಯ ಗಿಡ ತನ್ನ ತೆನೆಯನ್ನು ತಾನೇ ಹೊತ್ತು ನಿಲ್ಲಬೇಕು. ತೆನೆ ಭಾರವಾದರೆ ದಂಟು ಬಾಗುತ್ತದೆ, ಗಾಳಿ ಬೀಸಿದರೆ ನೆಲ ಕಚ್ಚುತ್ತದೆ. ಹಾಗಾಗಿ ಅದು ಉಂಡದ್ದರಲ್ಲಿ ಅರ್ಧದಷ್ಟನ್ನು ಹುಲ್ಲಿಗೆ, ದಂಟಿಗೆ, ಹೊಟ್ಟಿಗೆ ಸುರಿಯುತ್ತದೆ. ಆಲೂಗಡ್ಡೆಗೆ ಆ ತಾಪತ್ರಯವಿಲ್ಲ. ಅದರ ಭಾರವನ್ನು ಹೊರುವುದು ಭೂಮಿ. ಎಷ್ಟು ದಪ್ಪವಾದರೂ ಬೀಳುವ ಭಯವಿಲ್ಲ. ಧಾನ್ಯದ ಗಿಡದಲ್ಲಿ ಅರ್ಧದಷ್ಟು ಮನುಷ್ಯನ ಬಾಯಿಗೆ ಬಂದರೆ, ಆಲೂಗಡ್ಡೆಯಲ್ಲಿ ಶೇಕಡಾ 85ರವರೆಗೂ ಬರುತ್ತದೆ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ. ಒಕ್ಕಣೆ ಇಲ್ಲ, ತೂರುವುದಿಲ್ಲ, ಬೀಸುವುದಿಲ್ಲ. ಅಗೆದು, ತೊಳೆದು, ಬೇಯಿಸಿದರೆ ಊಟ.

ಊಟ ಅಂದೆ, ಎಂಥ ಊಟ? ಪಿಷ್ಟದ ಮುದ್ದೆ ಅಂತ ಇದನ್ನು ಹೀಗಳೆಯುವವರು ಸಿ ಜೀವಸತ್ವವನ್ನು ಮರೆಯುತ್ತಾರೆ. ಒಣಧಾನ್ಯದಲ್ಲಿ ಅದು ಇಲ್ಲವೇ ಇಲ್ಲ. ಆಲೂಗಡ್ಡೆಯಲ್ಲಿ, ಬೇಯಿಸಿದ ಮೇಲೂ, ಸಾಕಷ್ಟು ಉಳಿಯುತ್ತದೆ. ಪ್ರೋಟೀನು ತೂಕದಲ್ಲಿ ಕಡಿಮೆಯಾದರೂ ಗುಣದಲ್ಲಿ ಒಳ್ಳೆಯದು. 1928ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು 167 ದಿನ ಮುಖ್ಯವಾಗಿ ಆಲೂಗಡ್ಡೆಯನ್ನೇ ಉಂಡು, ಜೊತೆಗೆ ಒಂದಿಷ್ಟು ಜಿಡ್ಡು, ಸ್ವಲ್ಪ ಹಣ್ಣು ತೆಗೆದುಕೊಂಡು ಆರೋಗ್ಯವಾಗಿಯೇ ಇದ್ದರು. ನೀವು ಮನೆಗೆ ಹೋಗಿ ಇದನ್ನು ಮಾಡಿ ನೋಡಿ ಅನ್ನುತ್ತಿಲ್ಲ. ಎ ಜೀವಸತ್ವ, ಸುಣ್ಣದ ಅಂಶ ಇದರಲ್ಲಿ ಕಡಿಮೆ. ಪಕ್ಕದಲ್ಲಿ ಒಂದು ಲೋಟ ಹಾಲೋ ಮಜ್ಜಿಗೆಯೋ ಇದ್ದರೆ ಆ ಕೊರತೆಯೂ ಬಹುಮಟ್ಟಿಗೆ ತುಂಬುತ್ತದೆ. ಈ ಮಜ್ಜಿಗೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇನ್ನು ಹುಟ್ಟೂರಿಗೆ ಹೋಗೋಣ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು, ಈಗಿನ ಪೆರು ಮತ್ತು ಬೊಲಿವಿಯಾ ಕೂಡುವಲ್ಲಿ ಟಿಟಿಕಾಕಾ ಸರೋವರ. ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರ. ಹಗಲು ಮೈ ಸುಡುವ ಬಿಸಿಲು, ರಾತ್ರಿ ಹೆಪ್ಪುಗಟ್ಟುವ ಚಳಿ. ಸುಮಾರು 8,000 ವರ್ಷಗಳ ಹಿಂದೆ ಆ ಆಸುಪಾಸಿನ ಜನ ಕಾಡು ಆಲೂಗಡ್ಡೆಯನ್ನು ಪಳಗಿಸಿದರು. ಪಳಗಿಸಿದರು ಎಂಬ ಮಾತು ಇಲ್ಲಿ ತಕ್ಕದ್ದೇ, ಯಾಕೆಂದರೆ ಕಾಡುಗಡ್ಡೆ ವಿಷ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಹೊಗೆಸೊಪ್ಪು ಇವೆಲ್ಲ ಇದರ ದಾಯಾದಿಗಳು. ಆ ವಂಶದಲ್ಲಿ ವಿಷ ಕುಲಧರ್ಮ. ಸೋಲನಿನ್ ಮೊದಲಾದ ಕಹಿ ವಿಷಗಳು ಬೇಯಿಸಿದರೂ ಹೋಗುವಂಥವಲ್ಲ. ಬೆಟ್ಟದ ಜನ ಇದಕ್ಕೆ ಎರಡು ಉಪಾಯ ಕಂಡುಕೊಂಡರು. ಒಂದು, ಒಂದು ಬಗೆಯ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಗಡ್ಡೆಯನ್ನು ಅದರಲ್ಲಿ ಅದ್ದಿ ತಿನ್ನುವುದು. ಜೇಡಿಮಣ್ಣಿನ ಕಣಗಳು ವಿಷವನ್ನು ಹಿಡಿದುಕೊಂಡು ಮೈಗೆ ಹತ್ತಲು ಬಿಡದೆ ಹೊರಗೆ ಸಾಗಿಸುತ್ತವೆ. ಆಲೂಗಡ್ಡೆಯ ಜಗತ್ತಿನ ಮೊದಲ ಚಟ್ನಿ ಮಣ್ಣು ಅನ್ನಬಹುದು.

ಎರಡನೆಯ ಉಪಾಯ ನನಗೆ ಮನುಷ್ಯನ ದೊಡ್ಡ ಶೋಧಗಳಲ್ಲಿ ಒಂದೆಂದು ಅನಿಸುತ್ತದೆ. ಅದರ ಹೆಸರು ಚುನ್ಯೊ. ಜೂನ್, ಜುಲೈ ಅಲ್ಲಿಯ ಕಡುಚಳಿಗಾಲ. ಗಡ್ಡೆಗಳನ್ನು ಬಯಲಿನಲ್ಲಿ ಹರವಿಬಿಡುತ್ತಾರೆ. ರಾತ್ರಿ ಅವು ಕಲ್ಲಾಗುತ್ತವೆ, ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕೋಶಗಳನ್ನೆಲ್ಲ ಒಡೆಯುತ್ತದೆ. ಬೆಳಗ್ಗೆ ಬಿಸಿಲಿಗೆ ಕರಗಿ ಮೆತ್ತಗಾಗುತ್ತವೆ. ಆಗ ಹೆಂಗಸರು, ಗಂಡಸರು, ಮಕ್ಕಳು ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಹಿಂಡಿ ಹೋಗುತ್ತದೆ, ಸಿಪ್ಪೆ ಸುಲಿಯುತ್ತದೆ. ಮತ್ತೆ ರಾತ್ರಿಯ ಚಳಿ, ಮತ್ತೆ ಹಗಲಿನ ಬಿಸಿಲು, ಮತ್ತೆ ತುಳಿತ. ಹೀಗೆ ಕೆಲವು ದಿನ ಕಳೆದಾಗ ಉಳಿಯುವುದು ಕಪ್ಪಗೆ, ಹಗುರಾಗಿ, ಕಲ್ಲಿನಂತಿರುವ ಒಂದು ಉಂಡೆ. ಹರಿಯುವ ತೊರೆಯಲ್ಲಿ ವಾರಗಟ್ಟಲೆ ನೆನೆಹಾಕಿ ಒಣಗಿಸಿದರೆ ಅದು ಬೆಳ್ಳಗಾಗುತ್ತದೆ, ಕಹಿತಳಿಗಳ ವಿಷವೂ ತೊಳೆದುಹೋಗುತ್ತದೆ. ಇದು ವರ್ಷಗಟ್ಟಲೆ ಕೆಡುವುದಿಲ್ಲ. ಅಂದರೆ ಆ ಜನ ಆಲೂಗಡ್ಡೆಯನ್ನು ಧಾನ್ಯ ಮಾಡಿದರು. ಮಲಗಿದ್ದ ಜೀವವನ್ನು ಕಣಜಕ್ಕೆ ಒಗ್ಗಿಸಿದರು. ಇಂಕಾ ಸಾಮ್ರಾಜ್ಯದ ಉಗ್ರಾಣಗಳಲ್ಲಿ ಚುನ್ಯೊ ಇರುತ್ತಿತ್ತು, ಸೈನ್ಯ ಅದನ್ನು ಉಂಡು ನಡೆಯುತ್ತಿತ್ತು. ಸ್ಪೇನಿನವರು ಬಂದು ಪೊಟೊಸಿಯ ಬೆಳ್ಳಿಗಣಿ ತೋಡಿಸಿದಾಗ ಗಣಿಯಾಳುಗಳ ಹೊಟ್ಟೆಗೂ ಅದೇ. ಚುನ್ಯೊ ಹೊತ್ತೊಯ್ದು ಗಣಿಯೂರಿನಲ್ಲಿ ಮಾರಿಯೇ ಸಿರಿವಂತರಾದ ಸ್ಪೇನಿನವರ ಬಗ್ಗೆ ಆ ಕಾಲದ ಚರಿತ್ರಕಾರ ಸಿಯೆಸಾ ದ ಲಿಯೋನ್ ಬರೆದಿದ್ದಾನೆ.

ಇನ್ನೊಂದು ವಿಷಯವೂ ಇದೆ. ಆಂಡಿಸ್ ರೈತ ಒಂದೇ ತಳಿ ಹಾಕುವುದಿಲ್ಲ. ಬೆಟ್ಟದ ಬೇರೆ ಬೇರೆ ಎತ್ತರದಲ್ಲಿ ತುಂಡುತುಂಡು ಹೊಲ, ಒಂದೊಂದು ಹೊಲದಲ್ಲೂ ಹಲವು ತಳಿ. ಮೇಲೆ ಮಂಜು ಬಿದ್ದರೆ ಕೆಳಗಿನದು ಉಳಿಯಿತು. ಒಂದಕ್ಕೆ ರೋಗ ಬಂದರೆ ಪಕ್ಕದ್ದು ತಡೆಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಕಪ್ಪು, ನೇರಳೆ, ಕೆಂಪು, ಹಾವಿನಂತೆ ಸುರುಳಿ, ಅನಾನಸಿನಂತೆ ಉಬ್ಬು. ಮೈಯೆಲ್ಲ ಗಂಟುಗಂಟಾಗಿ ಸಿಪ್ಪೆ ತೆಗೆಯಲು ಬಾರದ ಒಂದು ತಳಿಗೆ ಅಲ್ಲಿಯವರ ಕೆಚುವಾ ಭಾಷೆಯಲ್ಲಿ ಇಟ್ಟ ಹೆಸರು ಏನು ಗೊತ್ತೇ? ‘ಸೊಸೆಯನ್ನು ಅಳಿಸುವುದು’. (ಸಭೆಯಲ್ಲಿ ನಗು.) ಅತ್ತೆ ಆ ಗಡ್ಡೆಯನ್ನು ಕೈಗೆ ಕೊಟ್ಟು ಹೊಸ ಸೊಸೆಯ ನೈಪುಣ್ಯ ಪರೀಕ್ಷಿಸುತ್ತಿದ್ದಳಂತೆ. ಸಾಗರದಾಚೆಗೂ ಅತ್ತೆ ಅತ್ತೆಯೇ.

ಹದಿನಾರನೆಯ ಶತಮಾನದ ನಡುವಿನಲ್ಲಿ ಹಡಗು ಹತ್ತಿದ್ದು ಗಡ್ಡೆ ಮಾತ್ರ. ಚುನ್ಯೊ ಮಾಡುವ ವಿದ್ಯೆ ಹತ್ತಲಿಲ್ಲ, ತಳಿಗಳ ಆ ಸಂತೆಯೂ ಹತ್ತಲಿಲ್ಲ. ಕೈಗೆ ಸಿಕ್ಕ ಕೆಲವೇ ತಳಿಗಳು ಯುರೋಪು ಸೇರಿದವು. 1573ರ ಹೊತ್ತಿಗೆ ಸ್ಪೇನಿನ ಸೆವಿಲ್‌ನ ಒಂದು ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಆಲೂಗಡ್ಡೆ ಕೊಂಡ ನಮೂದಿದೆ. ಆಮೇಲೆ ಸುಮಾರು ಇನ್ನೂರು ವರ್ಷ ಅದು ತೋಟದ ವಿಚಿತ್ರವಾಗಿಯೇ ಉಳಿಯಿತು. ಬೈಬಲ್ಲಿನಲ್ಲಿ ಇದರ ಹೆಸರಿಲ್ಲ, ಕುಷ್ಠ ಬರುತ್ತದೆ, ಹಂದಿಯ ಮೇವು, ಹೀಗೆಲ್ಲ ಜನ ಹೆದರಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಜನರ ಮೂಢನಂಬಿಕೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸುಲಭ. ತಪ್ಪು ಗಿಡದ್ದೂ ಇತ್ತು. ಆಂಡಿಸ್‌ನಲ್ಲಿ ವರ್ಷವಿಡೀ ಹಗಲು ಸುಮಾರು ಹನ್ನೆರಡು ಗಂಟೆ. ಆ ಗಿಡಕ್ಕೆ ಗಡ್ಡೆ ಕಟ್ಟು ಎಂದು ಹೇಳುವುದೇ ಆ ಗಿಡ್ಡ ಹಗಲು. ಯುರೋಪಿನ ಬೇಸಿಗೆಯ ಹದಿನಾರು ಗಂಟೆ ಹಗಲಿನಲ್ಲಿ ಅದು ಸೊಪ್ಪು ಬೆಳೆಸುತ್ತಾ ಕೂರುತ್ತಿತ್ತು. ಹಗಲು ಕುಗ್ಗಿ ಗಡ್ಡೆ ಕಟ್ಟಲು ಶುರು ಮಾಡುವಷ್ಟರಲ್ಲಿ ಹಿಮ ಬೀಳುತ್ತಿತ್ತು. ಉದ್ದ ಹಗಲಿಗೆ ಒಗ್ಗಿದ ತಳಿಗಳು ಆಯ್ಕೆಯಾಗಿ ಬರಲು ಹಲವು ತಲೆಮಾರು ಹಿಡಿದವು. ಗೋಲಿಯಷ್ಟೇ ಗಡ್ಡೆ ಬಿಡುವ ಗಿಡವನ್ನು ರೈತ ನೆಚ್ಚಲಿಲ್ಲ ಎಂದರೆ ಅವನನ್ನು ದಡ್ಡ ಅನ್ನಲಾಗದು.

ಆಮೇಲೆ ಅದನ್ನು ಹರಡಿದ್ದು ಯುದ್ಧ. ದಂಡು ಊರಿನ ಮೇಲೆ ಹಾದುಹೋದರೆ ಮೊದಲು ಲೂಟಿಯಾಗುವುದು ಕಣಜ. ಧಾನ್ಯ ಒಂದೇ ಕಾಲಕ್ಕೆ ಮಾಗುತ್ತದೆ, ಕೊಯ್ದು ಒಂದೆಡೆ ರಾಶಿ ಹಾಕಲೇಬೇಕು, ರಾಶಿ ಕಣ್ಣಿಗೆ ಬೀಳುತ್ತದೆ. ಮೂಟೆ ಕಟ್ಟಿ ಹೊತ್ತೊಯ್ಯಬಹುದು. ತೆರಿಗೆಯವನಿಗೂ ಅದೇ ಅನುಕೂಲ. ಆಲೂಗಡ್ಡೆಯನ್ನು ನೆಲದಲ್ಲೇ ಬಿಟ್ಟು ಬೇಕಾದಾಗ ಬೇಕಾದಷ್ಟೇ ಅಗೆದುಕೊಳ್ಳಬಹುದು. ಹಸಿದ ಸಿಪಾಯಿ ಹೊಲವೆಲ್ಲ ಅಗೆಯುತ್ತಾ ಕೂರುವುದಿಲ್ಲ. ಕಣಜಕ್ಕೆ ಒಗ್ಗದ ಗುಣ ಬಡವನಿಗೆ ರಕ್ಷೆಯಾದದ್ದು ಹೀಗೆ. ಆಗಿನ ಜರ್ಮನ್ ರಾಜ್ಯ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ 1756ರಲ್ಲಿ ಆಲೂಗಡ್ಡೆ ಬೆಳೆಯಲೇಬೇಕೆಂದು ಅಪ್ಪಣೆ ಹೊರಡಿಸಿದ. ಅದೇ ವರ್ಷ ಏಳು ವರ್ಷಗಳ ಯುದ್ಧ ಶುರುವಾಯಿತು. ಆ ಯುದ್ಧದಲ್ಲಿ ಪ್ರಷ್ಯದವರ ಕೈಗೆ ಸೆರೆಸಿಕ್ಕ ಫ್ರೆಂಚ್ ಔಷಧಿಕಾರ ಪಾರ್ಮೆಂತಿಯೆ ಸೆರೆಮನೆಯ ಆಲೂಗಡ್ಡೆ ತಿಂದು ಬದುಕಿ ಬಂದು, ಜೀವಮಾನವಿಡೀ ಅದರ ಪ್ರಚಾರ ಮಾಡಿದ. ಹೊಲಕ್ಕೆ ಹಗಲು ಕಾವಲು ಹಾಕಿ, ರಾತ್ರಿ ತೆಗೆದು, ಜನ ಕದಿಯುವಂತೆ ಮಾಡಿದನೆಂಬ ಕಥೆ ನೀವು ಕೇಳಿರಬಹುದು. ಅದೇ ಕಥೆಯನ್ನು ಫ್ರೆಡರಿಕ್‌ನ ಹೆಸರಿನಲ್ಲೂ ಹೇಳುತ್ತಾರೆ. ಒಂದೇ ಕಥೆಗೆ ಇಬ್ಬರು ನಾಯಕರಿದ್ದರೆ ನಾನು ಇಬ್ಬರನ್ನೂ ನಂಬುವುದಿಲ್ಲ. ಇಬ್ಬರ ಸಮಾಧಿಯ ಮೇಲೂ ಈಗಲೂ ಜನ ಆಲೂಗಡ್ಡೆ ಇಟ್ಟುಹೋಗುತ್ತಾರೆ ಎಂಬುದು ಮಾತ್ರ ನಿಜ.

ರಷ್ಯದಲ್ಲಿ ಇದೇ ಒತ್ತಾಯ 1840ರ ದಶಕದಲ್ಲಿ ರೈತರ ದಂಗೆಗೆ ದಾರಿಯಾಯಿತು. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಒಟ್ಟು ಫಲ ಏನಾಯಿತು? ನೇಥನ್ ನನ್ ಮತ್ತು ನ್ಯಾನ್ಸಿ ಚಿಯಾನ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಲೆಕ್ಕ ಹಾಕಿದರು. 1700ರಿಂದ 1900ರವರೆಗೆ ಹಳೆಯ ಜಗತ್ತಿನಲ್ಲಿ, ಅಂದರೆ ಯುರೋಪು, ಏಷ್ಯಾ, ಆಫ್ರಿಕಗಳಲ್ಲಿ, ಬೆಳೆದ ಜನಸಂಖ್ಯೆಯಲ್ಲಿ ಸುಮಾರು ಕಾಲುಭಾಗಕ್ಕೆ ಆಲೂಗಡ್ಡೆ ಕಾರಣ ಎಂಬುದು ಅವರ ಅಂದಾಜು. ಇಂಥ ಅಂದಾಜುಗಳನ್ನು ಕಲ್ಲಿನ ಗೆರೆ ಅಂದುಕೊಳ್ಳಬಾರದು. ಅದರಲ್ಲಿ ಅರ್ಧ ನಿಜವಾದರೂ ದೊಡ್ಡ ಮಾತೇ.

ಈ ಹೊಗಳಿಕೆಯ ನಡುವೆ ಒಬ್ಬ ಮನುಷ್ಯ ಮಾತ್ರ ಮೇಜಿನ ಮೇಲಿನ ಈ ವ್ಯತ್ಯಾಸವನ್ನು ಸರಿಯಾಗಿ ಗುರುತಿಸಿದ್ದ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್, 1776ರಲ್ಲಿ. ಲಂಡನ್ನಿನ ಅತಿ ಗಟ್ಟಿಮುಟ್ಟಾದ ಕೂಲಿಗಳು ಆಲೂಗಡ್ಡೆ ಉಂಡು ಬೆಳೆದ ಐರಿಷ್ ಜನ ಎಂದು ಮೆಚ್ಚಿದ ಅವನೇ, ಇದನ್ನು ಧಾನ್ಯದಂತೆ ಎರಡು ಮೂರು ವರ್ಷ ಕೂಡಿಡಲು ಆಗುವುದಿಲ್ಲ ಎಂಬ ಎಚ್ಚರಿಕೆಯನ್ನೂ ಬರೆದಿಟ್ಟ. ಆ ಸಾಲನ್ನು ಓದಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಎಪ್ಪತ್ತು ವರ್ಷದ ಬಳಿಕ ಅದು ಅಕ್ಷರಶಃ ಕಣ್ಣೆದುರು ಬಂತು.

ಐರ್ಲೆಂಡ್. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದ್ವೀಪ. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷ ಜನ. ಅವರಲ್ಲಿ 30 ಲಕ್ಷದಷ್ಟು ಮಂದಿಗೆ ಆಲೂಗಡ್ಡೆ ಬಿಟ್ಟರೆ ಬೇರೆ ಊಟವಿಲ್ಲ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೊ ತಿನ್ನುತ್ತಿದ್ದ, ಜೊತೆಗೆ ಮಜ್ಜಿಗೆ. ಒಣ ರೊಟ್ಟಿ ತಿನ್ನುತ್ತಿದ್ದ ಬೇರೆ ದೇಶದ ಬಡವರಿಗಿಂತ ಅವರು ಎತ್ತರವಾಗಿ, ಆರೋಗ್ಯವಾಗಿ ಇದ್ದರು. ತೊಂದರೆ ಎಂದರೆ, ಹಳೆಯ ಗಡ್ಡೆ ಮುಗಿದು ಅಥವಾ ಕೊಳೆತು, ಹೊಸದು ಇನ್ನೂ ಬಾರದ ಬೇಸಿಗೆಯ ತಿಂಗಳುಗಳು ಪ್ರತಿ ವರ್ಷವೂ ಹಸಿವಿನವೇ. ಬೆಳೆ ಚೆನ್ನಾಗಿ ಬಂದ ವರ್ಷವೂ ಅಷ್ಟೇ.

ಹಾಗಾದರೆ ಅಲ್ಲಿ ಧಾನ್ಯ ಬೆಳೆಯುತ್ತಿರಲಿಲ್ಲವೇ? ಬೆಳೆಯುತ್ತಿತ್ತು, ಧಾರಾಳವಾಗಿ. ಓಟ್ಸ್, ಗೋಧಿ, ಬಾರ್ಲಿ, ಜೊತೆಗೆ ದನ, ಹಂದಿ, ಬೆಣ್ಣೆ. ಅದೇ ಗೇಣಿದಾರನ ಕೈಯಿಂದಲೇ ಬೆಳೆಯುತ್ತಿತ್ತು. ಆದರೆ ಅದು ಗೇಣಿಯ ಲೆಕ್ಕಕ್ಕೆ. ಇಂಗ್ಲೆಂಡಿನಲ್ಲಿ ಕೂತ ಜಮೀನ್ದಾರನಿಗೆ ಗೇಣಿ ಸಲ್ಲಬೇಕು. ಅದಕ್ಕೆ ಮೂಟೆ ಕಟ್ಟಿ ಹಡಗಿಗೆ ಹಾಕಲು ಬರುವ ಪದಾರ್ಥ ಬೇಕು. ಇಟ್ಟರೆ ಕೆಡದೆ, ಹೊತ್ತರೆ ಹಗುರಾಗಿ, ಮಾರಿದರೆ ದುಡ್ಡಾಗುವುದೆಲ್ಲ ಊರು ಬಿಟ್ಟು ಹೋಯಿತು. ಇಡಲು ಬಾರದ, ಸಾಗಿಸಲು ಒಲ್ಲದ ಗಡ್ಡೆ ಮಾತ್ರ ಬೆಳೆದವನ ಪಾಲಿಗೆ ಉಳಿಯಿತು. ಪ್ರಷ್ಯದಲ್ಲಿ ಸಿಪಾಯಿಯಿಂದ ಬಡವನನ್ನು ಕಾಪಾಡಿದ ಗುಣವೇ ಇಲ್ಲಿ ಅವನನ್ನು ಚಿಕ್ಕ ತುಂಡು ನೆಲಕ್ಕೆ ಕಟ್ಟಿಹಾಕಿತು. ತುಂಡು ಎಷ್ಟು ಚಿಕ್ಕದಾದರೂ ಆಲೂಗಡ್ಡೆ ಒಂದು ಸಂಸಾರವನ್ನು ಸಾಕುತ್ತಿತ್ತಾದ್ದರಿಂದ, ಮಕ್ಕಳ ಕಾಲಕ್ಕೆ ಅದನ್ನು ಇನ್ನೂ ತುಂಡು ಮಾಡಿದರು. ಬಡನೆಲದಲ್ಲೂ ರಾಶಿ ಬಿಡುವ ಲಂಪರ್ ಎಂಬ ಒಂದೇ ತಳಿ ಬಡವರ ಹೊಲವನ್ನೆಲ್ಲ ಆವರಿಸಿತು. ಗಡ್ಡೆಯ ತುಂಡನ್ನೇ ನೆಟ್ಟು ಬೆಳೆಸುವುದರಿಂದ ಆ ಗಿಡಗಳೆಲ್ಲ ಒಂದೇ ಗಿಡದ ಪಡಿಯಚ್ಚು.

1845ರ ಸೆಪ್ಟೆಂಬರಿನಲ್ಲಿ ಅಂಗಮಾರಿ ರೋಗ ಕಾಣಿಸಿತು. ತಂಪಾದ ತೇವದ ಹವೆ ಸಿಕ್ಕರೆ ಇದರ ಬೀಜಾಣುಗಳು ಗಾಳಿಯಲ್ಲಿ ಹಾರಿ ಬಂದು ಕೂತು, ಕೆಲವೇ ದಿನಗಳಲ್ಲಿ ಹಸಿರು ಹೊಲವನ್ನು ಕರ್ರಗೆ ಮಾಡುತ್ತವೆ. ಮಳೆನೀರಿನ ಜೊತೆ ಇಳಿದು ಗಡ್ಡೆಯನ್ನೂ ಕೊಳೆಸುತ್ತವೆ. ಆ ವರ್ಷ ಬೆಳೆಯ ಒಂದು ಪಾಲು ಹೋಯಿತು. 1846ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಯಿತು. 1847ರಲ್ಲಿ ರೋಗ ಕಡಿಮೆ ಇತ್ತು, ನೆಟ್ಟದ್ದು ಚೆನ್ನಾಗಿಯೇ ಬಂತು; ಆದರೆ ನೆಡಲು ಇದ್ದದ್ದೇ ಅಲ್ಪ, ಯಾಕೆಂದರೆ ಹಿಂದಿನ ಚಳಿಗಾಲದಲ್ಲಿ ಜನ ಬಿತ್ತನೆ ಗಡ್ಡೆಯನ್ನೂ ತಿಂದಿದ್ದರು. 1848ರಲ್ಲಿ ರೋಗ ಮತ್ತೆ ಬಂತು.

ಇದೇ ರೋಗ ಆ ವರ್ಷಗಳಲ್ಲಿ ಬೆಲ್ಜಿಯಂ, ಹಾಲೆಂಡ್, ಪ್ರಷ್ಯಗಳನ್ನೂ ಹೊಕ್ಕಿತ್ತು. ಅಲ್ಲೂ ಸಾವು ಆಯಿತು, ಆದರೆ ಐರ್ಲೆಂಡಿನ ಲೆಕ್ಕವೇ ಬೇರೆ: ಸುಮಾರು 10 ಲಕ್ಷ ಸಾವು, ಇನ್ನು 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ಗುಳೆ. ವ್ಯತ್ಯಾಸ ಮಾಡಿದ್ದು ಆಡಳಿತ. ಬ್ರಿಟಿಷ್ ಪ್ರಧಾನಿ ಪೀಲ್ ಅಮೆರಿಕದಿಂದ ಮೆಕ್ಕೆಜೋಳ ತರಿಸಿದ. ಅದನ್ನು ಬೀಸುವ ಗಿರಣಿಯಿಲ್ಲ, ಬೇಯಿಸುವ ಬಗೆ ಗೊತ್ತಿಲ್ಲ, ತಿಂದವರ ಹೊಟ್ಟೆ ಕೆಟ್ಟಿತು. ಅವನ ನಂತರದ ಸರ್ಕಾರ ಮಾರುಕಟ್ಟೆಯ ಕೆಲಸಕ್ಕೆ ಕೈಹಾಕಬಾರದೆಂದು ಕೂತಿತು. 1847ರ ಒಂದು ಕಾನೂನಿನ ಪ್ರಕಾರ ಕಾಲು ಎಕರೆಗಿಂತ ಹೆಚ್ಚು ನೆಲ ಹಿಡಿದವನಿಗೆ, ಅದನ್ನು ಬಿಟ್ಟುಕೊಡದ ಹೊರತು ಸರ್ಕಾರಿ ಪರಿಹಾರವಿಲ್ಲ. ನೆಲ ಬಿಟ್ಟರೆ ಇವತ್ತಿನ ಗಂಜಿ, ಉಳಿಸಿಕೊಂಡರೆ ನಾಳೆಯ ಬೆಳೆ, ಆರಿಸಿಕೋ ಎಂದ ಹಾಗೆ. ಇಷ್ಟೆಲ್ಲ ನಡೆಯುವಾಗಲೂ ಬಂದರುಗಳಿಂದ ಓಟ್ಸ್, ದನ, ಬೆಣ್ಣೆ ಸಾಗುತ್ತಲೇ ಇತ್ತು. ಆ ದ್ವೀಪದ ಜನಸಂಖ್ಯೆ ಇವತ್ತಿಗೂ 1841ರ ಅಂಕಿಯನ್ನು ಮುಟ್ಟಿಲ್ಲ.

ರೋಗಕ್ಕೆ ಕಾರಣವೇನೆಂದು ಆಗ ಪಂಡಿತರು ಜಗಳವಾಡುತ್ತಿದ್ದರು. ಬೂಷ್ಟೇ ಕಾರಣ ಎಂದು 1846ರಲ್ಲಿ ಬರೆದ ಪಾದ್ರಿ ಬರ್ಕ್ಲಿಯ ಮಾತನ್ನು ಹೆಚ್ಚಿನವರು ನಂಬಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಈಗಿನವರು ಅದನ್ನು ಶಿಲೀಂಧ್ರದ ಗುಂಪಿಗೂ ಸೇರಿಸುವುದಿಲ್ಲ. ಅದು ನೀರಿನ ಪಾಚಿಗಳಿಗೆ ಹತ್ತಿರದ ಬೇರೊಂದು ವಂಶ. ನನಗೆ ಮುಖ್ಯವೆನಿಸುವುದು ಅದು ಚಳಿಗಾಲವನ್ನು ಎಲ್ಲಿ ಕಳೆಯುತ್ತದೆ ಎಂಬುದು. ಅದಕ್ಕೆ ಹೆಚ್ಚಾಗಿ ಬದುಕಿರುವ ಆಸರೆ ಬೇಕು. ಒಣಧಾನ್ಯದಲ್ಲಿ ಅದಕ್ಕೆ ಜಾಗವಿಲ್ಲ. ಉಗ್ರಾಣದಲ್ಲಿ, ತಿಪ್ಪೆಯಲ್ಲಿ, ಹೊಲದ ಮೂಲೆಯಲ್ಲಿ ಬಿಟ್ಟ ಗಡ್ಡೆ ಉಸಿರಾಡುತ್ತಾ ಮಲಗಿರುತ್ತದಲ್ಲ, ಅದರೊಳಗೆ ಇದೂ ಮಲಗುತ್ತದೆ.

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ 1880ರ ದಶಕದಲ್ಲಿ ದ್ರಾಕ್ಷಿಗೆಂದು ಹುಟ್ಟಿ ಆಲೂಗಡ್ಡೆಗೂ ಬಂತು. ಆದರೂ 1916ರ ಮಳೆಗೆ ಜರ್ಮನಿಯಲ್ಲಿ ಅಂಗಮಾರಿ ಎದ್ದಾಗ ದ್ರಾವಣಕ್ಕೆ ಬೇಕಾದ ತಾಮ್ರ ಮಹಾಯುದ್ಧದ ಪಾಲಾಗಿತ್ತು. ಆ ಚಳಿಗಾಲ ಜನ ದನದ ಮೇವಿನ ಟರ್ನಿಪ್ ಗಡ್ಡೆ ತಿಂದು ಕಳೆದರು.

ಇನ್ನೊಂದು ಯುದ್ಧದ ಕಥೆ ಹೇಳದೆ ಮುಂದೆ ಹೋಗಲಾರೆ. ಸೋವಿಯತ್ ವಿಜ್ಞಾನಿ ವಾವಿಲೋವ್ ಕಟ್ಟಿದ ಲೆನಿನ್‌ಗ್ರಾಡಿನ ಸಂಸ್ಥೆಯಲ್ಲಿ ಜಗತ್ತಿನೆಲ್ಲೆಡೆಯಿಂದ ತಂದ ಬೀಜಗಳಿದ್ದವು, ಆಂಡಿಸ್‌ನಿಂದ ತಂದ ಆಲೂಗಡ್ಡೆ ತಳಿಗಳೂ ಇದ್ದವು. 1941ರಲ್ಲಿ ನಾಜಿ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. ಗೋಧಿ, ಅಕ್ಕಿಯ ಬೀಜಗಳನ್ನು ಡಬ್ಬದಲ್ಲಿ ಹಾಕಿ ಬೀಗ ಜಡಿಯಬಹುದು, ಹಸಿದ ಜನರಿಂದ ಮತ್ತು ಇಲಿಗಳಿಂದ ಕಾದರೆ ಸಾಕು. ಆಲೂಗಡ್ಡೆಯನ್ನು ಹೊಲದಿಂದ ಗುಂಡಿನ ಮಳೆಯ ನಡುವೆ ಅಗೆದು ತರಬೇಕಾಯಿತು, ತಂದಮೇಲೆ ಜೀವಂತ ಇಡಬೇಕಾಯಿತು. ಸೊನ್ನೆಗಿಂತ ಬಹಳ ಕೆಳಗಿನ ಚಳಿ. ನೆಲಮಾಳಿಗೆ ಹೆಪ್ಪುಗಟ್ಟಿದರೆ ಎಲ್ಲವೂ ಸತ್ತಂತೆ. ಕಾಮೆರಾಜ್, ವೊಸ್ಕ್ರೆಸೆನ್ಸ್ಕಯಾ ಮೊದಲಾದವರು ಸಿಕ್ಕ ಕಟ್ಟಿಗೆ ಚೂರುಗಳನ್ನೆಲ್ಲ ಉರಿಸಿ ಆ ಗಡ್ಡೆಗಳಿಗೆ ಬೆಚ್ಚಗೆ ಮಾಡಿದರು. ಸಂಸ್ಥೆಯ ಹಲವರು ಹಸಿವಿನಿಂದ ಸತ್ತರು, ಕೈಯಳತೆಯಲ್ಲಿ ಟನ್ನುಗಟ್ಟಲೆ ತಿನ್ನುವ ಪದಾರ್ಥ ಇದ್ದಾಗಲೇ. ವಾವಿಲೋವ್ ಆಗ ಸ್ಟಾಲಿನ್ನನ ಸೆರೆಮನೆಯಲ್ಲಿದ್ದ. 1943ರಲ್ಲಿ ಅಲ್ಲೇ ತೀರಿಕೊಂಡ.

(ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ್ದೆ. ನೀರು ಕುಡಿಯಲು ಅಂದುಕೊಳ್ಳಿ.)

ಈಗಿನ ಕಾಲಕ್ಕೆ ಬರುತ್ತೇನೆ. ಅದೇ ಗುಣ ಈಗ ಏನು ಮಾಡುತ್ತಿದೆ? 2007–08ರಲ್ಲಿ ಅಕ್ಕಿ, ಗೋಧಿಯ ಜಾಗತಿಕ ಬೆಲೆ ಗಗನಕ್ಕೇರಿ ಹಲವು ದೇಶಗಳಲ್ಲಿ ಗಲಭೆಯಾಯಿತು. ಆಲೂಗಡ್ಡೆ ಆ ಸುಳಿಗೆ ಸಿಕ್ಕಲಿಲ್ಲ. ಕಾರಣ, ಅದು ಬೆಳೆದ ದೇಶದಲ್ಲೇ ಬಹುಪಾಲು ಕರಗುತ್ತದೆ. ಗಡಿ ದಾಟುವುದು ಅಲ್ಪ. ನೀರನ್ನು ಸಾವಿರಾರು ಮೈಲಿ ಹೊತ್ತು ಯಾರು ಲಾಭ ಮಾಡುತ್ತಾರೆ? ಹಾಗಾಗಿ ಸಟ್ಟಾಬಜಾರಿನ ಕೈ ಅದರ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಆ 2008ನ್ನು ವಿಶ್ವಸಂಸ್ಥೆ ಆಲೂಗಡ್ಡೆ ವರ್ಷವೆಂದು ಆಚರಿಸಿದ್ದು ಕಾಕತಾಳೀಯ, ಆದರೆ ಸಮಯಕ್ಕೆ ಸರಿಯಾಗಿತ್ತು. ಬೆಲೆ ಬಿದ್ದಾಗ ರೈತ ಅದನ್ನು ಇಟ್ಟುಕೊಂಡು ಕಾಯಲಾರ ಎಂಬುದು ಇದೇ ನಾಣ್ಯದ ಮತ್ತೊಂದು ಮುಖ. ಶೈತ್ಯಾಗಾರ ಇದ್ದವನ ಎದುರು ಇಲ್ಲದವನು ಸದಾ ಸೋಲುತ್ತಾನೆ. ಚೀನಾ 2015ರಲ್ಲಿ ಆಲೂಗಡ್ಡೆಯನ್ನು ಅಕ್ಕಿ, ಗೋಧಿಗಳ ಸಾಲಿಗೆ ತರುತ್ತೇವೆಂದು ಘೋಷಿಸಿದಾಗ ಅವರು ಕೈಹಾಕಿದ್ದೂ ಇಲ್ಲಿಗೇ: ಗಡ್ಡೆಯನ್ನು ಹಿಟ್ಟು ಮಾಡಿ ಆವಿಯಲ್ಲಿ ಬೇಯಿಸುವ ಬನ್ನಿಗೆ, ನೂಡಲ್ಸಿಗೆ ಬೆರೆಸುವುದು. ಕಾಲಲ್ಲಿ ತುಳಿಯುವ ಬದಲು ಯಂತ್ರ, ಅಷ್ಟೇ.

ದೊಡ್ಡ ತೊಡಕು ಬಿತ್ತನೆಯದು. ಒಂದು ಹೆಕ್ಟೇರಿಗೆ ಎರಡು ಟನ್ನಿಗೂ ಹೆಚ್ಚು ಗಡ್ಡೆ ಬೇಕು. ಅದನ್ನು ಸಾಗಿಸಬೇಕು, ಕೆಡದಂತೆ ಇಡಬೇಕು, ತಿನ್ನುವ ಆಸೆಯನ್ನು ತಡೆಯಬೇಕು. ಹಿಂದಿನ ಗಿಡದ ನಂಜುರೋಗಗಳೆಲ್ಲ ಗಡ್ಡೆಯ ಜೊತೆಗೇ ಬರುತ್ತವೆ, ಹಾಗಾಗಿ ಮನೆಯ ಬಿತ್ತನೆಯನ್ನೇ ಮತ್ತೆ ಮತ್ತೆ ಹಾಕಿದರೆ ವರ್ಷದಿಂದ ವರ್ಷಕ್ಕೆ ಇಳುವರಿ ಕುಸಿಯುತ್ತದೆ. ಬೀಜದಿಂದಲೇ ಬೆಳೆಯಬಾರದೇ? ಆಲೂಗಡ್ಡೆ ಗಿಡ ಹೂ ಬಿಡುತ್ತದೆ, ಎಳೆ ಟೊಮ್ಯಾಟೊದಂಥ ಹಸಿರು ಕಾಯಿಯನ್ನೂ ಬಿಡುತ್ತದೆ. ತಿನ್ನಬೇಡಿ, ವಿಷ. ಒಳಗೆ ನೂರಾರು ಬೀಜ. ಆದರೆ ಸಾಮಾನ್ಯ ಆಲೂಗಡ್ಡೆಯಲ್ಲಿ ವರ್ಣತಂತುಗಳು ನಾಲ್ಕು ನಾಲ್ಕು ಜೊತೆಯಾಗಿ 48 ಇರುತ್ತವೆ. ನಾಲ್ಕು ಕಟ್ಟು ಇಸ್ಪೀಟು ಕಲಸಿ ಹಂಚಿದ ಹಾಗೆ. ತಾಯಿಯಂಥ ಮಗಳು ಹುಟ್ಟುವುದೇ ಇಲ್ಲ. 1870ರ ದಶಕದಲ್ಲಿ ಅಮೆರಿಕದ ಲೂಥರ್ ಬರ್ಬ್ಯಾಂಕ್ ಒಂದೇ ಕಾಯಿಯ 23 ಬೀಜ ಬಿತ್ತಿದ. 23 ಬೇರೆ ಬೇರೆ ಗಿಡಗಳಾದವು. ಅದರಲ್ಲೊಂದು ಅದೃಷ್ಟದ್ದು, ಅದರ ಹಕ್ಕನ್ನು 150 ಡಾಲರಿಗೆ ಮಾರಿದ. ಉದ್ದುದ್ದ ಫ್ರೆಂಚ್ ಫ್ರೈಗೆ ಹೆಸರಾದ ರಸೆಟ್ ಬರ್ಬ್ಯಾಂಕ್ ತಳಿ ಆ ಗಿಡದ ವಂಶದ್ದೇ.

ಈಗ ಹಾಲೆಂಡ್ ಮತ್ತು ಚೀನಾದ ವಿಜ್ಞಾನಿಗಳು ವರ್ಣತಂತುಗಳು ನಾಲ್ಕು ನಾಲ್ಕರ ಬದಲು ಎರಡೆರಡೇ ಜೊತೆಯಾಗಿರುವ ಆಲೂಗಡ್ಡೆಯಿಂದ ಹೈಬ್ರಿಡ್ ಬೀಜ ಮಾಡುತ್ತಿದ್ದಾರೆ. ಅದು ಗೆದ್ದರೆ ಎರಡು ಟನ್ ಗಡ್ಡೆಯ ಜಾಗದಲ್ಲಿ ಕಿಸೆಯಲ್ಲಿ ಹಿಡಿಸುವಷ್ಟು ಬೀಜ ಸಾಕು, ರೋಗವೂ ಬಹುಮಟ್ಟಿಗೆ ಹಿಂದೆಯೇ ಉಳಿಯುತ್ತದೆ. ನನಗೆ ಇದರಲ್ಲಿ ಆಸೆಯೂ ಇದೆ, ಅಳುಕೂ ಇದೆ. ಹೈಬ್ರಿಡ್ ಬೀಜವನ್ನು ಪ್ರತಿ ಸಲ ಕೊಳ್ಳಬೇಕು; ಗಡ್ಡೆಯನ್ನಾದರೆ ನೆರೆಯವನು ಕೊಡುತ್ತಾನೆ. ಒಣಗಿಸಿ ಪೊಟ್ಟಣ ಕಟ್ಟಲು ಬಂದ ಮೇಲೆ ಆಲೂಗಡ್ಡೆಯೂ ಧಾನ್ಯದ ಹಾದಿ ಹಿಡಿಯುತ್ತದೆ, ಆ ಹಾದಿಯಲ್ಲಿ ವ್ಯಾಪಾರಿ ಮೊದಲೇ ಬಂದು ನಿಂತಿರುತ್ತಾನೆ.

ಪೆರುವಿನ ಲೀಮಾದಲ್ಲಿ 1971ರಲ್ಲಿ ಶುರುವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಸಾವಿರಾರು ತಳಿಗಳನ್ನು ಪ್ರನಾಳದಲ್ಲಿ ಸಣ್ಣ ಸಸಿಗಳಾಗಿ ಸಾಕುತ್ತಿದ್ದಾರೆ, ಕೆಲವನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಮಲಗಿಸಿದ್ದಾರೆ. ಕುಸ್ಕೊ ಬಳಿಯ ರೈತ ಸಮುದಾಯಗಳು ಅದೇ ತಳಿಗಳನ್ನು ಬೆಟ್ಟದ ಹೊಲದಲ್ಲಿ ಬೆಳೆಯುತ್ತಿವೆ. ಅಲ್ಲಿ ಈಗ ತಾಪ ಏರುತ್ತಿರುವುದರಿಂದ ಆಲೂಗಡ್ಡೆ ಹೊಲಗಳು ಬೆಟ್ಟದಲ್ಲಿ ಮೇಲಕ್ಕೆ ಸರಿಯುತ್ತಿವೆ. ಬೆಟ್ಟಕ್ಕೆ ತುದಿ ಎಂಬುದಿದೆ.

ನನ್ನ ಮಾತು ಇಲ್ಲಿಗೆ ಆಯಿತು. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಆಲೂಗಡ್ಡೆ, ಗೆಣಸು ಒಂದೇ ಜಾತಿಯೇ?

ಇಲ್ಲ ತಾಯಿ. ಗೆಣಸು ನಿಜವಾದ ಬೇರು, ಅದರ ಬಳಗ ಬೇರೆ. ಗೊಂದಲ ಹೆಸರಿನದು. ಕೆಚುವಾದಲ್ಲಿ ಆಲೂಗಡ್ಡೆಗೆ ಪಾಪಾ ಅನ್ನುತ್ತಾರೆ. ಬಟಾಟ ಎಂಬುದು ಕೆರಿಬಿಯನ್ ದ್ವೀಪಗಳಲ್ಲಿ ಗೆಣಸಿಗಿದ್ದ ಹೆಸರು. ಸ್ಪೇನಿನವರು ಎರಡನ್ನೂ ಕಲಸಿಹಾಕಿದರು. ಕನ್ನಡದಲ್ಲೂ ಕೆಲವರು ಬಟಾಟೆ ಅನ್ನುತ್ತಾರಲ್ಲ, ಗೆಣಸಿನ ಹೆಸರನ್ನೇ ಇದಕ್ಕೆ ಕರೆಯುತ್ತಿದ್ದಾರೆ. ಆಲೂಗಡ್ಡೆಗೆ ನಿಜವಾದ ಹತ್ತಿರದ ನೆಂಟ ಟೊಮ್ಯಾಟೊ. 2025ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ, ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮ್ಯಾಟೊದ ಪೂರ್ವಜರಿಗೂ ಗಡ್ಡೆ ಕಟ್ಟದ ಇನ್ನೊಂದು ಗಿಡಕ್ಕೂ ಕೂಡಿಕೆಯಾಗಿ ಆಲೂಗಡ್ಡೆಯ ವಂಶ ಹುಟ್ಟಿತು. ಅಪ್ಪನಿಗೂ ಗಡ್ಡೆಯಿಲ್ಲ, ಅಮ್ಮನಿಗೂ ಇಲ್ಲ. ಗಡ್ಡೆ ಕಟ್ಟಲು ಬೇಕಾದ ಜೀನುಗಳಲ್ಲಿ ಒಂದು ಅಲ್ಲಿಂದ, ಒಂದು ಇಲ್ಲಿಂದ ಬಂದು ಕೂಡಿದವು.

ಪ್ರಶ್ನೆ: ಮೊಳಕೆ ಬಂದದ್ದನ್ನು, ಹಸಿರಾದದ್ದನ್ನು ತಿನ್ನಬಹುದೇ?

ಎಲ್ಲ ಕಡೆ ಕೊನೆಗೆ ಇದೇ ಪ್ರಶ್ನೆ ಬರುತ್ತದೆ, ಬರಲಿ. ಹಸಿರು ಬಣ್ಣ ತಾನಾಗಿ ವಿಷವಲ್ಲ, ಎಲೆಯ ಹಸಿರೇ ಅದು. ಆದರೆ ಬೆಳಕು ಬಿದ್ದಾಗ ಹಸಿರಿನ ಜೊತೆಗೇ ಸೋಲನಿನ್ ಕೂಡ ಏರುತ್ತದೆ, ಆದ್ದರಿಂದ ಹಸಿರನ್ನು ಎಚ್ಚರಿಕೆಯ ಗುರುತು ಅಂದುಕೊಳ್ಳಿ. ಗಡ್ಡೆ ಗಟ್ಟಿಯಾಗಿದ್ದು ಸಣ್ಣ ಮೊಳಕೆ ಬಂದಿದ್ದರೆ ಕಣ್ಣನ್ನು ಆಳವಾಗಿ ತೆಗೆದು, ಹಸಿರಿದ್ದ ಕಡೆ ದಪ್ಪಗೆ ಸಿಪ್ಪೆ ಕೆತ್ತಿ ಬಳಸಬಹುದು. ಸುಕ್ಕಾಗಿ ಮೆತ್ತಗಾಗಿದ್ದರೆ, ಬಹಳ ಹಸಿರಾಗಿದ್ದರೆ ಬಿಸಾಡಿ. ಬೇಯಿಸಿದರೂ ಕರಿದರೂ ಆ ವಿಷ ಹೋಗುವುದಿಲ್ಲ. ಕತ್ತಲಲ್ಲಿ, ಗಾಳಿಯಾಡುವ ತಂಪು ಜಾಗದಲ್ಲಿ ಇಡಿ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ. ಇನ್ನು ಯಾರದೋ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿಗೆ ಕಹಿ ತಗುಲಿತೋ, ದಾಕ್ಷಿಣ್ಯ ನೋಡಬೇಡಿ, ಉಗುಳಿಬಿಡಿ. ನಿಮ್ಮ ತಟ್ಟೆಯ ಪಕ್ಕದಲ್ಲಿ ಜೇಡಿಮಣ್ಣಿನ ಬಟ್ಟಲು ಇಟ್ಟಿರುವುದಿಲ್ಲ.